ಕಳವಾದ ಫೋನು ಮತ್ತು ಒಡೆಯನ ಗುಟ್ಟು

ಬೇಲೂರು ತಾಲ್ಲೂಕಿನ ಬಿಕ್ಕೋಡು ಹೋಬಳಿಯ ಕಾಫಿ ತೋಟಗಳಿಗೆ ಕಾಡಾನೆಗಳು ನುಗ್ಗಿ ಹಾವಳಿ ಮಾಡುವ ಸುದ್ದಿಯನ್ನು ಓದುಗರು ಪತ್ರಿಕೆಗಳಲ್ಲಿ ನೋಡಿಯೇ ಇರುತ್ತಾರೆ. ಹಾಸನ ಜಿಲ್ಲೆಯ ಈ ಭಾಗದಲ್ಲಿ ಅರಣ್ಯ ಇಲಾಖೆಯವರು ಕೆಲವು ಆನೆಗಳ ಕೊರಳಿಗೆ ರೇಡಿಯೋ ಕಾಲರನ್ನು ತೊಡಿಸುತ್ತ ಬಂದಿದ್ದಾರೆ. ಆ ಪಟ್ಟಿಯಲ್ಲಿರುವ ಉಪಕರಣವು ತಾನಿರುವ ಸ್ಥಳವನ್ನು ಕಂಡುಕೊಂಡು ಆಗಾಗ ವರದಿಯನ್ನು ಕಳುಹಿಸುತ್ತದೆ. ಹಿಂಡು ಯಾವ ದಿಕ್ಕಿಗೆ ಸಾಗಿದೆಯೆಂಬುದು ಅದರಿಂದ ತಿಳಿದು, ಹತ್ತಿರದ ಊರಿನವರಿಗೆ ಎಚ್ಚರಿಕೆ ಹೋಗುತ್ತದೆ. ಬೆಳಗಿನ ಜಾವದಲ್ಲಿ ಹಣ್ಣು ಕೊಯ್ಯಲು ತೋಟಕ್ಕೆ ಹೊರಡುವ ಆಳುಗಳ ಪ್ರಾಣವು ಎಷ್ಟೋ ವೇಳೆ ಈ ವರದಿಯನ್ನೇ ನಂಬಿಕೊಂಡಿರುತ್ತದೆ.

ಎಚ್ಚರಿಕೆಯು ಬಂದು ತಲುಪುವುದು ಅವರ ಜೇಬಿನಲ್ಲಿರುವ ಮೊಬೈಲು ಫೋನಿಗೆ. ವಿಚಾರ ಮಾಡಿ ನೋಡಿದರೆ, ಆನೆಯ ಕೊರಳ ಪಟ್ಟಿಗೂ ಜೇಬಿನ ಫೋನಿಗೂ ತತ್ತ್ವದಲ್ಲಿ ಹೆಚ್ಚಿನ ಭೇದವಿಲ್ಲ. ಎರಡೂ ತಾವಿರುವ ಎಡೆಯನ್ನು ಅರಿಯಬಲ್ಲವು. ಎರಡೂ ಅದನ್ನು ರೇಡಿಯೋ ತರಂಗಗಳ ಮೂಲಕ ಬೇರೊಬ್ಬರಿಗೆ ತಿಳಿಸಬಲ್ಲವು. ಕಳವಾದ ಫೋನನ್ನು ಪತ್ತೆ ಹಚ್ಚುವುದು ಸಾಧ್ಯವಾಗಿರುವುದು ಈ ಗುಣದಿಂದಲೇ. ಆದರೆ ಕಳ್ಳನ ಕೈಯಲ್ಲಿರುವ ಫೋನನ್ನು ಕಾಣಬಲ್ಲ ಕಣ್ಣು ಒಡೆಯನ ಕೈಯಲ್ಲಿರುವ ಫೋನನ್ನೂ ಕಾಣಬಲ್ಲದಷ್ಟೆ? ಫೋನು ಯಾರ ಕೈಯಲ್ಲಿದೆಯೆಂಬುದು ರೇಡಿಯೋ ತರಂಗಕ್ಕೆ ತಿಳಿಯದು. ಆದಕಾರಣ ಕಳವಿನಿಂದ ರಕ್ಷಣೆ ಮತ್ತು ಮನುಷ್ಯನ ಖಾಸಗಿತನ ಇವೆರಡನ್ನೂ ಒಟ್ಟಿಗೆ ಇಟ್ಟುಕೊಂಡೇ ನಾವು ಈ ವಿಷಯವನ್ನು ಅಭ್ಯಾಸ ಮಾಡಬೇಕಾಗಿದೆ.

ಗೋಪುರಕ್ಕೆ ತಿಳಿಯುವುದೇನು?

ಮೊಬೈಲು ಫೋನು ಒಂದು ಪುಟ್ಟ ರೇಡಿಯೋ ಪ್ರೇಷಕವೂ ಹೌದು, ಗ್ರಾಹಕವೂ ಹೌದು. ಟವರು ಎಂದು ಜನರು ಕರೆಯುವ ಗೋಪುರಗಳು ನಾಡನ್ನೆಲ್ಲ ಸಣ್ಣ ಸಣ್ಣ ವಲಯಗಳಾಗಿ ಹಂಚಿಕೊಂಡಿರುತ್ತವೆ. ಬಿಕ್ಕೋಡಿನಲ್ಲಿರುವ ಒಬ್ಬನಿಗೆ ಬೆಂಗಳೂರಿನಿಂದ ಯಾರಾದರೂ ಕರೆಮಾಡಿದರೆ, ಆ ಕರೆಯನ್ನು ಯಾವ ಗೋಪುರದಿಂದ ಬಿತ್ತರಿಸಬೇಕೆಂಬುದು ಜಾಲಕ್ಕೆ ಗೊತ್ತಿರಲೇಬೇಕು. ಇಲ್ಲವಾದರೆ ಒಂದೇ ಒಂದು ಕರೆಗಾಗಿ ದೇಶದ ಗೋಪುರಗಳೆಲ್ಲವೂ ಕೂಗಬೇಕಾದೀತು! ಅದಕ್ಕಾಗಿ ಫೋನು ಸುಮ್ಮನಿರುವಾಗಲೂ ತಾನು ಗೋಪುರಗಳ ಯಾವ ಗುಂಪಿನ ವ್ಯಾಪ್ತಿಯಲ್ಲಿರುವೆನೆಂಬುದನ್ನು ಜಾಲಕ್ಕೆ ತಿಳಿಸುತ್ತಿರುತ್ತದೆ. ಒಂದು ಗುಂಪಿನಿಂದ ಮತ್ತೊಂದಕ್ಕೆ ಹೋದೊಡನೆ ಹೊಸದಾಗಿ ಹೆಸರು ಹೇಳಿಕೊಳ್ಳುತ್ತದೆ. ಮಾತು ಪ್ರಾರಂಭವಾದ ಮೇಲಂತೂ ಗುಂಪಲ್ಲ, ಇಂಥದೇ ಗೋಪುರವೆಂಬುದು ನಿಶ್ಚಿತವಾಗುತ್ತದೆ. ಅಂದರೆ, ತಾನಿರುವ ಎಡೆಯನ್ನು ಸ್ಥೂಲವಾಗಿಯಾದರೂ ಯಾರಿಗೂ ತಿಳಿಸದ ಮೊಬೈಲು ಫೋನು ಫೋನಾಗಿ ಕೆಲಸ ಮಾಡಲಾರದು.

ಗೋಪುರಕ್ಕೆ ಫೋನಿನ ದೂರವೂ ತಿಳಿಯುತ್ತದೆ. ರೇಡಿಯೋ ತರಂಗವು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು ಚಲಿಸುತ್ತದೆಯಾದರೂ ಅದಕ್ಕೂ ಕಾಲ ಬೇಕು: ಸೆಕೆಂಡಿನ 10 ಲಕ್ಷದ ಒಂದು ಭಾಗದಲ್ಲಿ ಅದು ಹೋಗುವ ದೂರ 300 ಮೀಟರು. ದೂರದ ಫೋನು ಕಳುಹಿಸಿದ ಸಂಕೇತ ತಡವಾಗಿ ಬಂದು ಬೇರೆಯವರ ಸರದಿಯ ಮೇಲೆ ಬೀಳದಂತೆ, ‘ನೀನು ಇಷ್ಟು ಮೊದಲೇ ಕಳುಹಿಸು’ ಎಂದು ಗೋಪುರವು ಪ್ರತಿ ಫೋನಿಗೂ ಆಜ್ಞೆ ಮಾಡುತ್ತದೆ. ಈ ಆಜ್ಞೆಯಲ್ಲಿಯೇ ದೂರ ಅಡಗಿದೆ. ಎರಡನೆಯ ತಲೆಮಾರಿನ ಜಾಲದಲ್ಲಿ ಇದನ್ನು ಸುಮಾರು 550 ಮೀಟರಿನ ಮೆಟ್ಟಿಲುಗಳಲ್ಲಿ ಅಳೆಯುತ್ತಿದ್ದರು. ನಾಲ್ಕನೆಯ ತಲೆಮಾರಿನಲ್ಲಿ ಮೆಟ್ಟಿಲು ಸುಮಾರು 78 ಮೀಟರಿಗೆ ಇಳಿದಿದೆ. ಒಂದು ಗೋಪುರದಿಂದ ದೂರವಷ್ಟೇ ಸಿಕ್ಕರೆ ಫೋನು ಒಂದು ವೃತ್ತದ ಮೇಲೆ ಎಲ್ಲಿಯಾದರೂ ಇರಬಹುದು. ಗೋಪುರದ ಆಂಟೆನಗಳು ಸಾಮಾನ್ಯವಾಗಿ ಮೂರು ದಿಕ್ಕುಗಳಿಗೆ ಮುಖಮಾಡಿರುವುದರಿಂದ ಆ ವೃತ್ತದ ಮೂರನೆಯ ಒಂದು ಪಾಲು ಉಳಿಯುತ್ತದೆ. ಮೂರು ಗೋಪುರಗಳಿಗೆ ಫೋನು ಕೇಳಿಸಿದರೆ, ಮೂರು ವೃತ್ತಗಳು ಕೂಡುವ ಕಡೆ ಅದರ ಸ್ಥಾನ. ಬೆಂಗಳೂರಿನಲ್ಲಿ ಗೋಪುರಗಳು ದಟ್ಟವಾಗಿರುವುದರಿಂದ ಈ ಲೆಕ್ಕ ಬೀದಿಯ ಮಟ್ಟಕ್ಕೆ ಬರುತ್ತದೆ. ಬಿಕ್ಕೋಡಿನಂಥ ಮಲೆನಾಡಿನ ಅಂಚಿನಲ್ಲಿ ಅವು ವಿರಳ, ನಡುವೆ ಗುಡ್ಡಗಳು ಬೇರೆ. ಅಲ್ಲಿ ಇದೇ ಲೆಕ್ಕ ಹಲವು ತೋಟಗಳಷ್ಟು ಅಗಲವಾಗಿಬಿಡುತ್ತದೆ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ಹೋಗಲಾಡಿಸಬೇಕು. ‘ಜಿ.ಪಿ.ಎಸ್. ಉಪಗ್ರಹವು ನಮ್ಮನ್ನು ನೋಡುತ್ತಿರುತ್ತದೆ’ ಎಂದು ವಿದ್ಯಾವಂತರೂ ಹೇಳುವುದುಂಟು. ವಾಸ್ತವವಾಗಿ ಉಪಗ್ರಹಕ್ಕೆ ನಮ್ಮ ಫೋನು ಇದೆಯೆಂಬ ಸಂಗತಿಯೇ ತಿಳಿಯದು. ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ತಿರುಗುತ್ತ ಅದು ತನ್ನ ಗಡಿಯಾರದ ಸಮಯವನ್ನೂ ತನ್ನ ಸ್ಥಾನವನ್ನೂ ಸಾರುತ್ತ ಹೋಗುತ್ತದೆ, ಅಷ್ಟೆ. ನಾಲ್ಕು ಉಪಗ್ರಹಗಳ ಸಾರಣೆಯನ್ನು ಕೇಳಿ, ಪ್ರತಿಯೊಂದೂ ಎಷ್ಟು ತಡವಾಗಿ ಬಂದಿತೆಂದು ಎಣಿಸಿ, ಫೋನು ತನ್ನ ಸ್ಥಾನವನ್ನು ತಾನೇ ಗೊತ್ತುಮಾಡಿಕೊಳ್ಳುತ್ತದೆ. ಮೂರಕ್ಕೆ ಬದಲು ನಾಲ್ಕೇಕೆಂದರೆ, ಫೋನಿನ ಗಡಿಯಾರವು ಅಷ್ಟು ನಿಷ್ಕೃಷ್ಟವಲ್ಲ. ಸ್ಥಾನದ ಮೂರು ಅಜ್ಞಾತಗಳೊಡನೆ ಕಾಲವೂ ಒಂದು ಅಜ್ಞಾತವಾಗುತ್ತದೆ. ದಟ್ಟವಾದ ಮರಗಳ ನೆರಳಿನಲ್ಲಿ ಈ ಸಂಕೇತಗಳು ಕುಂದಿ ಲೆಕ್ಕ ಸ್ವಲ್ಪ ಕೆಡುವುದೂ ಉಂಟು. ಪ್ರಕೃತ ನಮಗೆ ಮುಖ್ಯವಾದ ಅಂಶ ಇದು: ಉಪಗ್ರಹದಿಂದ ತಿಳಿದ ಸ್ಥಾನ ಫೋನಿನೊಳಗೇ ಉಳಿಯಬಲ್ಲದು. ಅದು ಹೊರಗೆ ಹೋಗುವುದು ಫೋನಿನಲ್ಲಿರುವ ಯಾವುದೋ ಒಂದು ತಂತ್ರಾಂಶ ಅದನ್ನು ಕಳುಹಿಸಿದಾಗ ಮಾತ್ರ. ಗೋಪುರದ ಅರಿವು ತಪ್ಪಿಸಲಾಗದ್ದು. ಇದು ನಾವು ಕೊಟ್ಟರೆ ಹೋಗುವುದು. ಈ ವ್ಯತ್ಯಾಸವನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಹೋಗೋಣ.

ಹದಿನೈದು ಅಂಕೆಗಳು

ಬೇಲೂರಿನಲ್ಲಿ ಚೆನ್ನಕೇಶವ ಸ್ವಾಮಿಯ ರಥೋತ್ಸವದ ಜನಜಂಗುಳಿಯಲ್ಲಿ ಬಿಕ್ಕೋಡಿನ ವಿದ್ಯಾರ್ಥಿಯೊಬ್ಬನ ಫೋನು ಕಳವಾಯಿತೆಂದು ಭಾವಿಸೋಣ. ಕಳ್ಳನು ಮಾಡುವ ಮೊದಲ ಕೆಲಸ ಸಿಮ್ಮನ್ನು ಕಿತ್ತೆಸೆಯುವುದು. ಹಾಸನದ ಮೇಲೆ ಅರಸೀಕೆರೆಗೆ ಬಂದು ರೈಲು ಹತ್ತಿದನೆಂದರೆ ಬೆಂಗಳೂರಿಗಾದರೂ ಹುಬ್ಬಳ್ಳಿಗಾದರೂ ಹೋಗಬಹುದು. ಅಲ್ಲಿ ಫೋನನ್ನು ಕೊಂಡವನು ಹೊಸ ಸಿಮ್ಮು ಹಾಕುತ್ತಾನೆ. ಹಳೆಯ ದೂರವಾಣಿ ಸಂಖ್ಯೆಗೂ ಈ ಫೋನಿಗೂ ಈಗ ಸಂಬಂಧವೇ ಇಲ್ಲ. ಹಾಗಿದ್ದರೂ ಅದು ಸಿಕ್ಕಿಬೀಳುವುದು ಹೇಗೆ?

ಪ್ರತಿಯೊಂದು ಫೋನಿಗೂ ಅದನ್ನು ತಯಾರಿಸುವಾಗಲೇ ಐ.ಎಂ.ಇ.ಐ. ಎಂಬ 15 ಅಂಕೆಗಳ ಒಂದು ಸಂಖ್ಯೆಯನ್ನು ಕೊಟ್ಟಿರುತ್ತಾರೆ. ಎರಡು ಸಿಮ್ಮು ಹಿಡಿಯುವ ಫೋನಿಗೆ ಇಂಥ ಸಂಖ್ಯೆಗಳು ಎರಡು. ಕರೆಮಾಡುವ ಹಲಗೆಯಲ್ಲಿ *#06# ಎಂದು ಒತ್ತಿದರೆ ಅವು ಕಾಣಿಸುತ್ತವೆ. ಮೊದಲ 8 ಅಂಕೆಗಳು ಫೋನಿನ ಮಾದರಿಯನ್ನು ತಿಳಿಸುತ್ತವೆ. ಮುಂದಿನ 6 ಅಂಕೆಗಳು ಆ ಮಾದರಿಯಲ್ಲಿ ಈ ಫೋನಿನ ಕ್ರಮಸಂಖ್ಯೆ. ಹದಿನೈದನೆಯದು ಪರೀಕ್ಷಾಂಕೆ. ಇದರ ಲೆಕ್ಕ ಸ್ವಾರಸ್ಯವಾಗಿದೆ. ಉದಾಹರಣೆಯಾಗಿ ಕೊಡುವ ರೂಢಿಯಿರುವ 49015420323751 ಎಂಬ ಸಂಖ್ಯೆಯನ್ನು ತೆಗೆದುಕೊಳ್ಳೋಣ. ಎಡದಿಂದ 2, 4, 6 ಮೊದಲಾದ ಸಮಸ್ಥಾನಗಳಲ್ಲಿರುವ ಅಂಕೆಗಳು 9, 1, 4, 0, 2, 7, 1. ಇವನ್ನು ಇಮ್ಮಡಿ ಮಾಡಿದರೆ 18, 2, 8, 0, 4, 14, 2. ಎರಡಂಕೆ ಬಂದಲ್ಲಿ ಅವುಗಳನ್ನು ಕೂಡಿ ಒಂದಂಕೆ ಮಾಡಿಕೊಂಡರೆ 9, 2, 8, 0, 4, 5, 2. ಇವುಗಳ ಮೊತ್ತ 30. ಉಳಿದ ಅಂಕೆಗಳಾದ 4, 0, 5, 2, 3, 3, 5 ಇವುಗಳ ಮೊತ್ತ 22. ಒಟ್ಟು 52. ಇದನ್ನು ಮುಂದಿನ ಹತ್ತರ ಗುಣಕವಾದ 60ಕ್ಕೆ ತಲುಪಿಸಲು ಬೇಕಾದದ್ದು 8, ಅದೇ ಪರೀಕ್ಷಾಂಕೆ. ಬರೆದುಕೊಳ್ಳುವಾಗ ಒಂದು ಅಂಕೆ ತಪ್ಪಿದರೂ ಲೆಕ್ಕ ಕೂಡುವುದಿಲ್ಲ, ತಪ್ಪು ಕೂಡಲೆ ಹೊರಬೀಳುತ್ತದೆ. ಐ.ಬಿ.ಎಂ. ಕಂಪನಿಯ ಹಾನ್ಸ್ ಪೀಟರ್ ಲೂನ್ ಎಂಬಾತನು ಈ ಉಪಾಯಕ್ಕೆ 1960ರಲ್ಲಿ ಪೇಟೆಂಟ್ ಪಡೆದನು. ಬ್ಯಾಂಕುಗಳ ಕಾರ್ಡುಗಳ ಸಂಖ್ಯೆಗಳಲ್ಲಿಯೂ ಇದೇ ಲೆಕ್ಕವಿದೆ. ಓದುಗರು ತಮ್ಮ ಫೋನಿನ ಸಂಖ್ಯೆಯ ಮೇಲೆಯೇ ಇದನ್ನು ಪರೀಕ್ಷಿಸಿ ನೋಡಬಹುದು, ಆದರೆ ಆ ಹಾಳೆಯನ್ನು ತರಗತಿಯಲ್ಲಿ ಬಿಟ್ಟು ಬರಬಾರದು.

ಸಿಮ್ಮು ಯಾವುದೇ ಇರಲಿ, ಜಾಲವನ್ನು ಸೇರುವಾಗ ಫೋನು ಈ ಸಂಖ್ಯೆಯನ್ನೂ ತಿಳಿಸುತ್ತದೆ. ಕಳವಾದ ಫೋನುಗಳ ಸಂಖ್ಯೆಗಳನ್ನು ಒಂದು ಪಟ್ಟಿಯಲ್ಲಿಟ್ಟು, ಎಲ್ಲ ಕಂಪನಿಗಳ ಜಾಲಗಳೂ ಅದನ್ನು ನೋಡುವಂತೆ ಮಾಡಿದರೆ ಅಂಥ ಫೋನು ಎಲ್ಲಿಯೂ ಕೆಲಸಕ್ಕೆ ಬಾರದಾಗುತ್ತದೆ. ಭಾರತ ಸರ್ಕಾರದ ದೂರಸಂಪರ್ಕ ಇಲಾಖೆಯ ಸಿ.ಇ.ಐ.ಆರ್. ಎಂಬ ವ್ಯವಸ್ಥೆಯು ಮಾಡುವುದು ಇದನ್ನೇ. ಅದು 2019ರ ಸೆಪ್ಟೆಂಬರಿನಲ್ಲಿ ಮುಂಬಯಿಯಲ್ಲಿ ಪ್ರಯೋಗಾರ್ಥವಾಗಿ ಮೊದಲಾಯಿತು. ತರುವಾಯ ದೆಹಲಿ, ಕರ್ನಾಟಕ ಮೊದಲಾದ ಕಡೆಗಳಿಗೆ ಹಬ್ಬಿ, 2023ರ ಮೇ ತಿಂಗಳಿನಲ್ಲಿ ‘ಸಂಚಾರ್ ಸಾಥಿ’ ಎಂಬ ಹೆಸರಿನ ಜಾಲತಾಣದ ಅಂಗವಾಗಿ ದೇಶಕ್ಕೆಲ್ಲ ದೊರೆಯಿತು. ಆ ವೇಳೆಗೆ ಕರ್ನಾಟಕ ಪೊಲೀಸರು ಇದರ ನೆರವಿನಿಂದ 2500ಕ್ಕೂ ಹೆಚ್ಚು ಫೋನುಗಳನ್ನು ಪತ್ತೆಮಾಡಿ ಒಡೆಯರಿಗೆ ಹಿಂತಿರುಗಿಸಿದ್ದರೆಂದು ಸರ್ಕಾರವೇ ಪ್ರಕಟಿಸಿತು. ನಮ್ಮ ವಿದ್ಯಾರ್ಥಿಯು ಮಾಡಬೇಕಾದದ್ದು ಇಷ್ಟು: ಪೊಲೀಸರಿಗೆ ದೂರು ಕೊಟ್ಟು ಅದರ ಪ್ರತಿಯನ್ನು ಪಡೆಯುವುದು, ಅದೇ ದೂರವಾಣಿ ಸಂಖ್ಯೆಗೆ ಹೊಸ ಸಿಮ್ಮು ಪಡೆಯುವುದು, ಐ.ಎಂ.ಇ.ಐ. ಸಂಖ್ಯೆಯೊಡನೆ ಇವನ್ನು ಸಂಚಾರ್ ಸಾಥಿಯಲ್ಲಿ ದಾಖಲಿಸುವುದು. ತಡೆಹಿಡಿದ ಫೋನಿಗೆ ಯಾರಾದರೂ ಬೇರೆ ಸಿಮ್ಮು ಹಾಕಿದ ಕ್ಷಣದಲ್ಲಿ, ಹಾಕಿದ ಸಿಮ್ಮಿನ ವಿವರ ಪೊಲೀಸರಿಗೆ ಹೋಗುತ್ತದೆ. ಹಳೆಯ ಫೋನನ್ನು ಕೊಳ್ಳುವವರು ಸಹ ಎಚ್ಚರದಿಂದಿರಬಹುದು. ಕೆ, ವೈ, ಎಂ ಎಂಬ ಮೂರು ಇಂಗ್ಲಿಷ್ ಅಕ್ಷರಗಳನ್ನೂ ಫೋನಿನ ಸಂಖ್ಯೆಯನ್ನೂ 14422ಕ್ಕೆ ಸಂದೇಶವಾಗಿ ಕಳುಹಿಸಿದರೆ ಅದರ ಜಾತಕ ಬರುತ್ತದೆ.

ಈ ವ್ಯವಸ್ಥೆಗೆ ಎರಡು ದೌರ್ಬಲ್ಯಗಳಿವೆ. ಬಿಡಿಭಾಗಗಳಾಗಿ ಕಳಚಿ ಮಾರಿದ ಫೋನನ್ನೂ ಗಡಿ ದಾಟಿಸಿದ ಫೋನನ್ನೂ ಅದು ಹಿಡಿಯಲಾರದು. ಎರಡನೆಯದಾಗಿ, ಫೋನಿನ ಸಂಖ್ಯೆಯನ್ನೇ ತಿದ್ದುವ ಕುಶಲಿಗಳುಂಟು. ಅದು ದೊಡ್ಡ ಅಪರಾಧ: 2023ರ ದೂರಸಂಪರ್ಕ ಅಧಿನಿಯಮದ ಪ್ರಕಾರ 3 ವರ್ಷಗಳವರೆಗೆ ಸೆರೆಮನೆ, ಅಥವಾ 50 ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ.

ಹಿಂಬಾಲಿಸುವುದರ ಖರ್ಚು

ಇನ್ನು ವಿಷಯದ ಮತ್ತೊಂದು ಮುಖವನ್ನು ನೋಡೋಣ. ಕಳ್ಳನ ಸಿಮ್ಮು ಯಾವ ಗೋಪುರದಲ್ಲಿ ಕಾಣಿಸಿಕೊಂಡಿತೆಂಬುದು ದಾಖಲೆಯಾಗುವಂತೆ ನಮ್ಮ ಸಿಮ್ಮಿನದೂ ದಾಖಲೆಯಾಗುತ್ತದೆ. ಯಾರು, ಯಾರಿಗೆ, ಯಾವಾಗ, ಯಾವ ಗೋಪುರದ ಮೂಲಕ ಕರೆಮಾಡಿದರೆಂಬ ವಿವರಗಳನ್ನು ಕಂಪನಿಗಳು ಕನಿಷ್ಠ 2 ವರ್ಷ ಕಾಪಾಡಿಡಬೇಕೆಂದು 2021ರ ಡಿಸೆಂಬರಿನಲ್ಲಿ ಪರವಾನಗಿಯ ಷರತ್ತುಗಳನ್ನು ತಿದ್ದಲಾಯಿತು. ಅದಕ್ಕೆ ಮೊದಲು ಈ ಅವಧಿ 1 ವರ್ಷವಾಗಿತ್ತು. ಹೆಸರನ್ನು ಅಳಿಸಿಟ್ಟರೆ ಇದರಿಂದ ತೊಂದರೆಯೇನು ಎಂದು ಕೆಲವರು ಕೇಳುತ್ತಾರೆ. ಇದಕ್ಕೆ 2013ರಲ್ಲಿ ಡಿ ಮಾಂಟ್‌ಜಾಯ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ ಉತ್ತರವಿದೆ. 15 ಲಕ್ಷ ಜನರ 15 ತಿಂಗಳ ಗೋಪುರ ದಾಖಲೆಗಳನ್ನು, ಹೆಸರಿಲ್ಲದಂತೆ, ಅವರು ಪರಿಶೀಲಿಸಿದರು. ಇಂಥ ಹೊತ್ತಿನಲ್ಲಿ ಇಂಥ ಕಡೆಯಲ್ಲಿದ್ದನೆಂಬ ನಾಲ್ಕೇ ನಾಲ್ಕು ಅಂಶಗಳು ತಿಳಿದರೆ ನೂರಕ್ಕೆ 95 ಮಂದಿಯ ದಾಖಲೆಯನ್ನು ಉಳಿದೆಲ್ಲರದರಿಂದ ಬೇರ್ಪಡಿಸಬಹುದೆಂದು ಕಂಡುಬಂದಿತು.

ಇದು ಆಶ್ಚರ್ಯವೆನಿಸಿದರೆ ನಮ್ಮ ವಿದ್ಯಾರ್ಥಿಯ ವಿಷಯದಲ್ಲಿಯೇ ಯೋಚಿಸಿ ನೋಡಿ. ರಾತ್ರಿ ಬಿಕ್ಕೋಡಿನ ಗೋಪುರದಲ್ಲಿದ್ದು, ಹಗಲು ಹಾಸನದ ಕಾಲೇಜಿನ ಬಳಿಯ ಗೋಪುರದಲ್ಲಿ ಕಾಣಿಸಿಕೊಳ್ಳುವವರು ಎಷ್ಟು ಮಂದಿ? ಅವರಲ್ಲಿ ಇಂಥ ಶನಿವಾರ ಸಂಜೆ ಅರಸೀಕೆರೆಯ ರೈಲು ನಿಲ್ದಾಣದಲ್ಲಿಯೂ ಇದ್ದವರು? ಪಟ್ಟಿ ಬಹು ಬೇಗ ಒಬ್ಬನಿಗೆ ಬಂದು ನಿಲ್ಲುತ್ತದೆ. ಸಣ್ಣ ಊರಿನವನನ್ನು ಗುರುತಿಸುವುದು ಮತ್ತೂ ಸುಲಭ. ಹೀಗೆ ಗುರುತಾದ ಮೇಲೆ ಆತನು ಯಾವ ವೈದ್ಯರ ಬಳಿಗೆ ಹೋದನು, ಯಾವ ಸಭೆಯಲ್ಲಿ ಕುಳಿತನು, ಯಾರ ಮನೆಯಲ್ಲಿ ಇರುಳು ಕಳೆದನು ಎಂಬುದೆಲ್ಲ ಅದೇ ಪಟ್ಟಿಯಲ್ಲಿಯೇ ಇರುತ್ತದೆ. ಆತನು ಏನೂ ತಪ್ಪು ಮಾಡದಿದ್ದರೂ ಇದೆಲ್ಲ ಇನ್ನೊಬ್ಬರಿಗೆ ತಿಳಿಯಬೇಕಾದದ್ದಲ್ಲ.

1962ರಲ್ಲಿ ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬಾತನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತು. ಪೊಲೀಸರು ರಾತ್ರಿ ವೇಳೆ ಮನೆಗೆ ಬಂದು ಎಬ್ಬಿಸುವುದು ತಪ್ಪೆಂದು ನ್ಯಾಯಾಲಯ ಹೇಳಿತು. ಆದರೆ ಒಬ್ಬನ ಓಡಾಟದ ಮೇಲೆ ಕಣ್ಣಿಡುವುದರಿಂದ ಸಂವಿಧಾನವು ಕೊಟ್ಟ ಹಕ್ಕಿಗೆ ಭಂಗವಿಲ್ಲ, ಖಾಸಗಿತನವು ಅಂಥ ಹಕ್ಕಲ್ಲ ಎಂದು ಬಹುಮತದ ಅಭಿಪ್ರಾಯವಾಯಿತು. ಆ ಕಾಲದಲ್ಲಿ ಒಬ್ಬನನ್ನು ಹಿಂಬಾಲಿಸಲು ಒಬ್ಬ ಪೇದೆಯಾದರೂ ಬೇಕಾಗಿತ್ತು. ಆ ಪೇದೆಗೆ ಸಂಬಳ, ಊಟ, ನಿದ್ರೆ ಬೇಕಾಗಿತ್ತು. ಹೀಗಾಗಿ ಇಡೀ ಊರನ್ನು ಹಿಂಬಾಲಿಸುವುದು ಯಾರಿಂದಲೂ ಆಗದ ಮಾತು. ಆ ಖರ್ಚೇ ಜನಸಾಮಾನ್ಯರಿಗೆ ಒಂದು ರಕ್ಷಣೆಯಾಗಿತ್ತೆಂದು ನಮಗೆ ತೋರುತ್ತದೆ. ಈಗ ಆ ಖರ್ಚು ಇಲ್ಲವೆನ್ನುವಷ್ಟು ಇಳಿದಿದೆ. ಕಾನೂನಿನ ರಕ್ಷಣೆ ಅಗತ್ಯವಾದದ್ದು ಇದರಿಂದಲೇ.

ಆ ರಕ್ಷಣೆಗೆ ದಾರಿ ತೆರೆದವರು ಕನ್ನಡ ನಾಡಿನವರೇ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾದ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಅದರಿಂದ ಹುಟ್ಟಿದ ಪ್ರಶ್ನೆಯನ್ನು ಒಂಬತ್ತು ನ್ಯಾಯಾಧೀಶರ ಪೀಠ ವಿಚಾರಿಸಿ, 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಖರಕ್ ಸಿಂಗ್ ತೀರ್ಪಿನ ಆ ಭಾಗ ರದ್ದಾಯಿತು. ಸರ್ಕಾರವು ಈ ಹಕ್ಕಿನೊಳಗೆ ಕೈಹಾಕಬೇಕಾದರೆ ಅದಕ್ಕೊಂದು ಕಾನೂನಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಆ ಉದ್ದೇಶಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಕೈಹಾಕಬಾರದು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ಮೂರನೆಯ ಮಾತಿಗೆ ಸರಿಯಾದ ಉದಾಹರಣೆ 2025ರ ಕೊನೆಯಲ್ಲಿ ಒದಗಿತು. ಸಂಚಾರ್ ಸಾಥಿಯು ಆ ವರ್ಷದ ಜನವರಿಯಲ್ಲಿ ಫೋನಿನೊಳಗೆ ಹಾಕಿಕೊಳ್ಳುವ ತಂತ್ರಾಂಶವಾಗಿಯೂ ಬಂದಿತ್ತು. ಮಾರಾಟವಾಗುವ ಎಲ್ಲ ಹೊಸ ಫೋನುಗಳಲ್ಲಿಯೂ ಇದನ್ನು ಮೊದಲೇ ಸೇರಿಸಿರಬೇಕೆಂದು ನವೆಂಬರ್ 28ರಂದು ದೂರಸಂಪರ್ಕ ಇಲಾಖೆಯು ತಯಾರಕರಿಗೆ ಆಜ್ಞಾಪಿಸಿತು. ನಕಲಿ ಐ.ಎಂ.ಇ.ಐ. ಸಂಖ್ಯೆಗಳನ್ನೂ ಕಳವಿನ ಫೋನುಗಳ ಮರುಮಾರಾಟವನ್ನೂ ತಡೆಯುವುದು ಅದರ ಉದ್ದೇಶ. ಸರ್ಕಾರದ ತಂತ್ರಾಂಶವೊಂದು ಪ್ರತಿಯೊಬ್ಬನ ಫೋನಿನಲ್ಲಿಯೂ ಕಡ್ಡಾಯವಾಗಿ ಕುಳಿತಿರುವುದಕ್ಕೆ ದೇಶದಲ್ಲೆಲ್ಲ ಆಕ್ಷೇಪಣೆ ಎದ್ದಿತು. ಬೇಡವಾದವರು ಅದನ್ನು ತೆಗೆದುಹಾಕಬಹುದೆಂದು ಮಂತ್ರಿಗಳು ಹೇಳಿದರು. ಡಿಸೆಂಬರ್ 3ರಂದು ಆಜ್ಞೆಯನ್ನೇ ಹಿಂತೆಗೆದುಕೊಳ್ಳಲಾಯಿತು. ಉದ್ದೇಶವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಮೇಲೆ ವಿವರಿಸಿದ ತತ್ತ್ವದಿಂದ ನೋಡಿದರೆ, ಕಳವಾದ ಫೋನನ್ನು ತಡೆಯುವುದು ಜಾಲ, ಫೋನಿನೊಳಗಿನ ತಂತ್ರಾಂಶವಲ್ಲ. ದೂರನ್ನು ಜಾಲತಾಣದ ಮೂಲಕವೇ ದಾಖಲಿಸಬಹುದು. ಹೀಗಿರುವಾಗ ಕಡ್ಡಾಯದಿಂದ ಕಳ್ಳನ ವಿರುದ್ಧ ದೊರೆಯುತ್ತಿದ್ದ ಲಾಭ ಸ್ವಲ್ಪ. ಅದಕ್ಕಾಗಿ ಪ್ರತಿಯೊಬ್ಬ ಪ್ರಾಮಾಣಿಕನ ಫೋನಿನಲ್ಲಿಯೂ ಒಂದು ಬಾಗಿಲನ್ನು ಇಡಬೇಕಾಗುತ್ತಿತ್ತು. ಹಿಂತೆಗೆದುಕೊಂಡದ್ದೇ ಸರಿಯಾಯಿತೆಂದು ನಮ್ಮ ಅಭಿಪ್ರಾಯ.

ಫೋನು ತಾನೇ ಹಾಕಿಕೊಳ್ಳುವ ಬೀಗ

ಹಾಗಾದರೆ ಯಾರಿಗೂ ಏನನ್ನೂ ತಿಳಿಸದೆ ಕಳವನ್ನು ತಡೆಯಲು ಸಾಧ್ಯವಿಲ್ಲವೆ? ಸಾಧ್ಯವಿದೆ, ಮತ್ತು ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಸಂತೋಷ ಕೊಡುವ ಭಾಗ. ಫೋನಿನೊಳಗೆ ಸಿಲಿಕಾನಿನಲ್ಲಿ ಕೊರೆದ ಅತಿ ಸೂಕ್ಷ್ಮವಾದ ಒಂದು ತೂಕವು ಸಿಲಿಕಾನಿನದೇ ಸ್ಪ್ರಿಂಗುಗಳ ಮೇಲೆ ತೂಗುತ್ತಿರುತ್ತದೆ. ಫೋನಿಗೆ ವೇಗೋತ್ಕರ್ಷ ಉಂಟಾದಾಗ ಅದು ಹಿಂದುಳಿಯುತ್ತದೆ. ಪಕ್ಕದ ಫಲಕಗಳಿಗೂ ಅದಕ್ಕೂ ಇರುವ ಅಂತರ ಬದಲಾಗಿ, ವಿದ್ಯುದ್ಧಾರಕತೆಯೂ ಬದಲಾಗುತ್ತದೆ. ಬಸ್ಸು ಹೊರಟಾಗ ನಾವು ಹಿಂದಕ್ಕೆ ವಾಲುವುದೂ ಇದೇ ನಿಯಮದಿಂದ. ಕೈಯಲ್ಲಿದ್ದ ಫೋನನ್ನು ಫಕ್ಕನೆ ಕಿತ್ತುಕೊಂಡು ಓಡಿದರೆ ಅಥವಾ ಮೋಟಾರು ಸೈಕಲ್ಲಿನಲ್ಲಿ ಸಾಗಿದರೆ ಈ ಅಳತೆಯಲ್ಲಿ ವಿಶಿಷ್ಟವಾದ ಒಂದು ವಿನ್ಯಾಸ ಮೂಡುತ್ತದೆ. ಅದನ್ನು ಗುರುತಿಸಿ ಪರದೆಗೆ ಬೀಗ ಹಾಕುವ ಏರ್ಪಾಟನ್ನು ಗೂಗಲ್ ಕಂಪನಿಯು 2024ರಲ್ಲಿ ಆಂಡ್ರಾಯ್ಡ್ ಫೋನುಗಳಿಗೆ ಕೊಟ್ಟಿತು. ಲೆಕ್ಕವೆಲ್ಲ ಫೋನಿನೊಳಗೇ ನಡೆಯುತ್ತದೆ. ಅದೇ ವರ್ಷ ಆಪಲ್ ಕಂಪನಿಯು ಮತ್ತೊಂದು ಉಪಾಯ ಮಾಡಿತು: ಫೋನು ತನ್ನ ಪರಿಚಿತ ಸ್ಥಳಗಳಿಂದ ದೂರವಿರುವಾಗ ಖಾತೆಯ ಗುಪ್ತಪದವನ್ನು ಬದಲಾಯಿಸಬೇಕಾದರೆ ಮುಖ ಅಥವಾ ಬೆರಳಿನ ಗುರುತು ಕೊಟ್ಟು, ಒಂದು ಗಂಟೆ ಕಾದು, ಮತ್ತೊಮ್ಮೆ ಕೊಡಬೇಕು. ಭುಜದ ಮೇಲಿಂದ ಇಣುಕಿ ಅಂಕೆಗಳನ್ನು ನೋಡಿಕೊಂಡು ಆಮೇಲೆ ಫೋನನ್ನು ಕದಿಯುವವರಿಗೆ ಇದು ಉತ್ತರ.

ಅಂಕೆಗಳ ಮಾತು ಬಂದಿತು. ನಾಲ್ಕು ಅಂಕೆಗಳ ಬೀಗಕ್ಕೆ 10,000 ಸಾಧ್ಯತೆಗಳು. ಪ್ರಯತ್ನಕ್ಕೆ ಒಂದು ಸೆಕೆಂಡು ಹಿಡಿದರೂ ಮೂರು ಗಂಟೆಗಳೊಳಗೆ ಎಲ್ಲವೂ ಮುಗಿಯುತ್ತವೆ. ಆರು ಅಂಕೆಗಳಾದರೆ 10 ಲಕ್ಷ. ಅದೇ ಗತಿಯಲ್ಲಿ ಹನ್ನೊಂದು ದಿನಗಳ ಮೇಲಾಗುತ್ತದೆ. ತಪ್ಪು ಹೆಚ್ಚಿದಂತೆಲ್ಲ ಫೋನು ಹೆಚ್ಚು ಹೊತ್ತು ಕಾಯಿಸುವುದರಿಂದ ವಾಸ್ತವದಲ್ಲಿ ಇನ್ನೂ ಎಷ್ಟೋ ಹೆಚ್ಚು. ಫೋನಿನ ಬೆಲೆಗಿಂತ ಅದರೊಳಗಿನ ಚಿತ್ರಗಳೂ ಪತ್ರಗಳೂ ದೊಡ್ಡವೆನ್ನುವವರಿಗೆ ನಿಜವಾದ ಕಾವಲು ಈ ಅಂಕೆಗಳೇ.

ಅಪರಿಚಿತರ ನೆರವು

ಅಂತರ್ಜಾಲದ ಸಂಪರ್ಕವನ್ನು ಕಳ್ಳನು ಕಡಿದುಬಿಟ್ಟರೆ ಫೋನು ತನ್ನ ಸ್ಥಾನವನ್ನು ಒಡೆಯನಿಗೆ ತಿಳಿಸುವುದು ಹೇಗೆ? 2019ರಲ್ಲಿ ಆಪಲ್ ಕಂಪನಿಯವರು ಇದಕ್ಕೆ ಒಂದು ಜಾಣ ಪರಿಹಾರವನ್ನು ಜಾರಿಗೆ ತಂದರು. ತಿಳಿಯಾಗಲೆಂದು ಒಂದು ಹೋಲಿಕೆ ಕೊಡುತ್ತೇವೆ. ಕಳೆದುಹೋದ ಫೋನು ತೆರೆದ ಬೀಗಗಳನ್ನು ದಾರಿಯಲ್ಲಿ ಹಂಚುತ್ತ ಹೋಗುತ್ತದೆಂದು ತಿಳಿಯಿರಿ. ಒತ್ತಿದರೆ ಬೀಗ ಯಾರಿಂದಲೂ ಮುಚ್ಚಿಕೊಳ್ಳುತ್ತದೆ, ಆದರೆ ಬೀಗದ ಕೈ ಇರುವುದು ಒಡೆಯನ ಮನೆಯಲ್ಲಿ ಮಾತ್ರ. ಪಕ್ಕದಲ್ಲಿ ಹಾದುಹೋಗುವ ಅಪರಿಚಿತನ ಫೋನು ಬ್ಲೂಟೂತ್ ತರಂಗಗಳಿಂದ ಈ ಬೀಗವನ್ನು ಪಡೆದು, ತಾನಿರುವ ಸ್ಥಳವನ್ನು ಒಂದು ಚೀಟಿಯಲ್ಲಿ ಬರೆದು, ಪೆಟ್ಟಿಗೆಯಲ್ಲಿಟ್ಟು, ಆ ಬೀಗ ಹಾಕಿ ಕಂಪನಿಯ ಉಗ್ರಾಣಕ್ಕೆ ಕಳುಹಿಸುತ್ತದೆ. ಪೆಟ್ಟಿಗೆ ಯಾರದೆಂದು ಅಪರಿಚಿತನಿಗೆ ತಿಳಿಯದು. ಒಳಗೇನಿದೆಯೆಂದು ಕಂಪನಿಗೆ ತಿಳಿಯದು. ಒಡೆಯನು ಕೀಲಿಯಿಂದ ತೆರೆದು ಓದಿಕೊಳ್ಳುತ್ತಾನೆ. ಬೀಗವೂ ಆಗಾಗ ಬದಲಾಗುತ್ತಿರುವುದರಿಂದ ಒಂದೇ ಬೀಗವನ್ನು ನೋಡುತ್ತ ಫೋನಿನ ಹಿಂದೆ ಹೋಗುವುದೂ ಸಾಧ್ಯವಿಲ್ಲ. ಇಲ್ಲಿ ಬೀಗ ಮತ್ತು ಕೈ ಎಂದರೆ ಗಣಿತದ ಎರಡು ಸಂಖ್ಯೆಗಳು: ಕೈಯಿಂದ ಬೀಗವನ್ನು ಎಣಿಸುವುದು ಸುಲಭ, ಬೀಗದಿಂದ ಕೈಯನ್ನು ಎಣಿಸುವುದು ಕಾರ್ಯತಃ ಅಸಾಧ್ಯ. ಪತ್ತೆ ಮಾಡುವ ಶಕ್ತಿಯನ್ನು ಒಡೆಯನೊಬ್ಬನಿಗೇ ಮೀಸಲಾಗಿಡುವುದು ಸಾಧ್ಯವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ.

2024ರಲ್ಲಿ ಗೂಗಲ್ ಕಂಪನಿಯು ಪ್ರಾರಂಭಿಸಿದ ಇಂಥದೇ ಜಾಲದಲ್ಲಿ ಮತ್ತೊಂದು ಬಿಗಿಯನ್ನು ಸೇರಿಸಿದ್ದರು. ಬೇರೇನೂ ಬದಲಾಯಿಸದಿದ್ದರೆ, ಹಲವು ಫೋನುಗಳು ಕಳೆದ ವಸ್ತುವನ್ನು ಕಂಡಾಗ ಮಾತ್ರ ಅದರ ಸ್ಥಾನ ಒಡೆಯನಿಗೆ ಹೋಗುತ್ತದೆ. ಒಬ್ಬನೇ ನಡೆದುಹೋಗುತ್ತಿರುವವನ ಜಾಡು ಇದರಿಂದ ಬಯಲಾಗದು. ಬೆಂಗಳೂರಿನ ಮೆಜೆಸ್ಟಿಕ್ಕಿಗೆ ಇದು ಸರಿಹೋದೀತು. ಬಿಕ್ಕೋಡಿನ ತೋಟದ ದಾರಿಯಲ್ಲಿ ಬಿದ್ದ ಫೋನಿನ ಹತ್ತಿರ ದಿನಕ್ಕೆ ಎಷ್ಟು ಮಂದಿ ಸುಳಿದಾರು? ಖಾಸಗಿತನಕ್ಕೆ ಕೊಟ್ಟ ಬೆಲೆಯಲ್ಲಿ ಹಳ್ಳಿಯ ಪಾಲು ಹೆಚ್ಚಾಗಿದೆಯೆಂದು ಒಪ್ಪಬೇಕು.

ಇದೇ ತತ್ತ್ವದ ನಾಣ್ಯದಾಕಾರದ ಬಿಲ್ಲೆಗಳು 2021ರಿಂದ ಮಾರಾಟಕ್ಕೆ ಬಂದಾಗ ಕೆಲವರು ಅವನ್ನು ಹೆಂಗಸರ ಚೀಲಗಳಲ್ಲಿಯೂ ವಾಹನಗಳಲ್ಲಿಯೂ ಗುಟ್ಟಾಗಿ ಇಟ್ಟು ಹಿಂಬಾಲಿಸತೊಡಗಿದರು. ಬಿಲ್ಲೆಯ ಒಡೆಯನೇ ಇಲ್ಲಿ ಅಪರಾಧಿ. ಕೀಲಿ ಅವನ ಕೈಯಲ್ಲಿಯೇ ಇದೆ! ಆದ್ದರಿಂದ ಅಪರಿಚಿತ ಬಿಲ್ಲೆಯೊಂದು ಬಹಳ ಹೊತ್ತು ನಮ್ಮೊಡನೆಯೇ ಚಲಿಸುತ್ತಿದ್ದರೆ ನಮ್ಮ ಫೋನು ಎಚ್ಚರಿಕೆ ಕೊಡುವಂತೆ 2024ರ ಮೇ ತಿಂಗಳಿನಲ್ಲಿ ಎರಡು ಕಂಪನಿಗಳೂ ಒಂದು ಸಮಾನ ಕ್ರಮವನ್ನು ಜಾರಿಗೆ ತಂದುವು. ಅಂಥ ಎಚ್ಚರಿಕೆ ಬಂದಲ್ಲಿ ಅದನ್ನು ಅಲಕ್ಷಿಸಬಾರದು.

ಕಳ್ಳನ ಚಿತ್ರ ತೆಗೆದು, ಅವನ ಮಾತನ್ನು ಕದ್ದು ಕೇಳಿ ಕಳುಹಿಸುತ್ತೇವೆಂದು ಹೇಳಿಕೊಳ್ಳುವ, ಊರುಹೆಸರಿಲ್ಲದ ತಂತ್ರಾಂಶಗಳ ವಿಷಯದಲ್ಲಿ ನಮಗೆ ಸ್ವಲ್ಪವೂ ವಿಶ್ವಾಸವಿಲ್ಲ. ಕ್ಯಾಮೆರ, ಧ್ವನಿಗ್ರಾಹಕ, ಸಂದೇಶಗಳು, ಸ್ಥಾನ ಇವೆಲ್ಲಕ್ಕೂ ಅವು ಅನುಮತಿ ಕೇಳುತ್ತವೆ. ಕಳವಾಗುವ ದಿನ ಬರಬಹುದು, ಬಾರದಿರಬಹುದು. ಅನುಮತಿಯಂತೂ ಈ ದಿನದಿಂದಲೇ ಜಾರಿಯಲ್ಲಿರುತ್ತದೆ. ಹಾಸ್ಟೆಲಿನಲ್ಲಿರುವ ಮಗಳ ಫೋನಿಗೆ ಅವಳಿಗೆ ಹೇಳದೆ ಇಂಥದನ್ನು ಹಾಕಿಡುವ ತಂದೆತಾಯಿಗಳೂ ಇದ್ದಾರೆ. ಅವರ ಆತಂಕ ನಮಗೆ ಅರ್ಥವಾಗುತ್ತದೆ. ಆದರೆ ಅವಳ ಮಾತುಗಳೆಲ್ಲ ಮೊದಲು ಹೋಗಿ ಸೇರುವುದು ತಂದೆತಾಯಿಗಳನ್ನಲ್ಲ, ಆ ತಂತ್ರಾಂಶ ಮಾಡಿದವರ ಯಂತ್ರವನ್ನು. ಹೇಳಿ, ಒಪ್ಪಿಸಿ, ಬೇಕಾದಾಗ ನಿಲ್ಲಿಸಬಹುದಾದ ಸ್ಥಾನಸೂಚನೆಯನ್ನು ಹಂಚಿಕೊಳ್ಳುವುದೇ ಲೇಸು.

ಕೊನೆಯದಾಗಿ, ಬಹು ಮಂದಿ ಗಮನಿಸದ ಒಂದು ಬೀಗವಿದೆ. ಫೋನಿನ ಪರದೆಗೆ ಎಷ್ಟೇ ಭದ್ರವಾದ ಅಂಕೆಗಳಿದ್ದರೂ ಕಳ್ಳನು ಸಿಮ್ಮನ್ನು ತೆಗೆದು ಬೇರೊಂದು ಫೋನಿಗೆ ಹಾಕಿದರೆ, ಬ್ಯಾಂಕಿನಿಂದ ಬರುವ ಗುಪ್ತ ಸಂಖ್ಯೆಗಳು ಅವನಿಗೆ ನೆಟ್ಟಗೆ ತಲುಪುತ್ತವೆ. ಇದನ್ನು ತಡೆಯಲು ಫೋನಿನ ಭದ್ರತೆಯ ವಿಭಾಗದಲ್ಲಿ ಸಿಮ್ಮಿಗೇ ಪ್ರತ್ಯೇಕವಾದ ಪಿನ್ ಸಂಖ್ಯೆಯನ್ನು ಇಡಬಹುದು. ಅದನ್ನು ಇಡುವಾಗ ಮೊದಲು ಕಂಪನಿಯೇ ಕೊಟ್ಟಿರುವ ಪಿನ್ ಕೇಳುತ್ತದೆ. ಊಹೆಯಿಂದ ಒತ್ತದೆ ಕಂಪನಿಯವರಿಂದ ಕೇಳಿ ತಿಳಿದುಕೊಳ್ಳಬೇಕು. ಏಕೆಂದರೆ ಮೂರು ಸಲ ತಪ್ಪಿದರೆ ಸಿಮ್ಮು ಬೀಗ ಹಾಕಿಕೊಳ್ಳುತ್ತದೆ. ಆಗ ಕಂಪನಿಯಿಂದ ಪಿ.ಯು.ಕೆ. ಎಂಬ 8 ಅಂಕೆಗಳ ಸಂಖ್ಯೆಯನ್ನು ಪಡೆದು ತೆರೆಯಬೇಕಾಗುತ್ತದೆ. ಅದನ್ನೂ ಹತ್ತು ಸಲ ತಪ್ಪಾಗಿ ಒತ್ತಿದರೆ ಆ ಸಿಮ್ಮು ಕಳ್ಳನಿಗೂ ಇಲ್ಲ, ಒಡೆಯನಿಗೂ ಇಲ್ಲ.